ಧೂಮಪಾನ ಎಂದರೆ ಧೂಮಪಾನ ಮಾಡುವುದು

ಜನರ ನಡುವೆ ಸಿಗರೇಟ್ ಸೇದಿದರೆ ಕಟ್ಟುವ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. 2024ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಮಸೂದೆ ಪಾಸು ಮಾಡಿತು. ಅದು ದೆಹಲಿಗೆ ಹೋಗಿ, ರಾಷ್ಟ್ರಪತಿಗಳ ಅಂಕಿತ ಹಾಕಿಸಿಕೊಂಡು, ವಾಪಸ್ ಬಂದು ಜಾರಿಯಾಗುವಾಗ 2025ರ ಮೇ ಮುಗಿಯುತ್ತಾ ಬಂದಿತ್ತು. ಈಗ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಸಾವಿರ. 21 ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟ್ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ಇಷ್ಟೆಲ್ಲ ಆದ ಮೇಲೆ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಆದ ಬದಲಾವಣೆ ಒಂದೇ. ಬಿಡಿ ಸಿಗರೇಟಿನ ರೇಟು ಒಂದು ರೂಪಾಯಿ ಜಾಸ್ತಿಯಾಗಿದೆ. ಯಾಕಪ್ಪಾ ಅಂದರೆ "ರಿಸ್ಕ್ ಇದೆ ಸಾರ್" ಅಂದ.

ಅಷ್ಟೊಂದು ರಿಸ್ಕ್ ಏನಿದೆ ಅಂತ ನೋಡೋಣ ಎಂದು ಮೂಲ ಕಾನೂನನ್ನೇ ಓದಿದೆ. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಜಾಹೀರಾತು ನಿಷೇಧ ಮತ್ತು ವ್ಯಾಪಾರ, ವಾಣಿಜ್ಯ, ಉತ್ಪಾದನೆ, ಪೂರೈಕೆ, ವಿತರಣೆಗಳ ನಿಯಂತ್ರಣ ಕಾಯ್ದೆ. ಹೆಸರು ಓದಿ ಮುಗಿಸುವಷ್ಟರಲ್ಲಿ ಅರ್ಧ ಸಿಗರೇಟ್ ಖಾಲಿ. ಇದರ ಮೂರನೇ ಸೆಕ್ಷನ್ನಿನಲ್ಲಿ ಧೂಮಪಾನ ಅಂದರೆ ಏನು ಅಂತ ವಿವರಿಸಿದ್ದಾರೆ. ಧೂಮಪಾನ ಎಂದರೆ ತಂಬಾಕಿನ ಧೂಮಪಾನ. ಅದು ಸಿಗರೇಟಿನ ರೂಪದಲ್ಲಿರಬಹುದು, ಚುಟ್ಟದ ರೂಪದಲ್ಲಿರಬಹುದು, ಬೀಡಿಯ ರೂಪದಲ್ಲಿರಬಹುದು ಅಥವಾ ಪೈಪು ಗೀಪು ಹಿಡಿದು ಮಾಡಿದ್ದಿರಬಹುದು. ಎಂಥ ಸ್ಪಷ್ಟತೆ ನೋಡಿ! ಸಂಸತ್ತಿನ ಎರಡೂ ಸದನಗಳು ಕೂತು, ಚರ್ಚಿಸಿ, ಧೂಮಪಾನ ಎಂದರೆ ಧೂಮಪಾನ ಎಂಬ ತೀರ್ಮಾನಕ್ಕೆ ಬಂದಿವೆ. ನಮ್ಮ ಏರಿಯಾದ ಮೂಲೆಯಲ್ಲಿ ದಿನಾ ಬೆಳಗ್ಗೆ ಪ್ಲಾಸ್ಟಿಕ್ಕು, ಥರ್ಮೋಕೋಲು, ಹಳೇ ಚಪ್ಪಲಿ ಸೇರಿಸಿ ಬೆಂಕಿ ಹಚ್ಚುತ್ತಾರಲ್ಲ, ಅದರಲ್ಲಿ ತಂಬಾಕು ಇಲ್ಲ. ಅದನ್ನು ಇಡೀ ಬೀದಿ ಕುಡಿದರೂ ಈ ಕಾನೂನಿಗೆ ಏನೂ ಆಗಿಲ್ಲ.

ಇದಕ್ಕಿಂತ ಚಂದ ಇರೋದು ಸಾರ್ವಜನಿಕ ಸ್ಥಳದ ವಿವರಣೆ. ಕಾಯ್ದೆ ಹೇಳುತ್ತದೆ, ಸಾರ್ವಜನಿಕ ಸ್ಥಳದಲ್ಲಿ ಬಯಲು ಜಾಗ ಸೇರುವುದಿಲ್ಲ. ಸರಿ, ಬಯಲಿಗೆ ಹೋಗೋಣ ಅಂದರೆ 2008ರ ನಿಯಮ ಅಡ್ಡ ಬರುತ್ತದೆ. ಅದರ ಪ್ರಕಾರ ಸ್ಟೇಡಿಯಮ್ಮು, ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು ಮುಂತಾಗಿ ಜನ ಬರುವ ಜಾಗಗಳೆಲ್ಲ ಬಯಲು ಜಾಗದಲ್ಲಿ ಸೇರುವುದಿಲ್ಲ. ಅಂದರೆ ಜನ ಬರೋ ಜಾಗದಲ್ಲಿ ಸೇದಬಾರದು, ಬಯಲಲ್ಲಿ ಸೇದಬಹುದು, ಆದರೆ ಆ ಬಯಲಿಗೆ ಜನ ಬರಬಾರದು. ನೀವು ಹೋದ ತಕ್ಷಣ ಒಬ್ಬ ಜನ ಬಂದಂತಾಯಿತು, ಅಲ್ವಾ? ಇದನ್ನು ಬಿಡಿಸೋಕೆ ಮೀಮಾಂಸೆ ಓದಿದವರೇ ಬೇಕು. ಪಾಪ, ರಸೀದಿ ಪುಸ್ತಕ ಹಿಡಿದ ಪೇದೆ ಕೈಯಲ್ಲಿ ಬಿಡಿಸುತ್ತಿದ್ದಾರೆ.

ಬೋರ್ಡಿನ ಮೇಲೆ ಬರೆಯುವ ಈ "ಧೂಮಪಾನ" ಅನ್ನೋ ಪದವನ್ನು ಯಾವನಾದರೂ ಬಾಯಲ್ಲಿ ಆಡಿದ್ದನ್ನು ಕೇಳಿದ್ದೀರಾ? "ಬಾರೋ, ಒಂದು ಧೂಮಪಾನ ಮಾಡಿಬರೋಣ" ಅಂತ ಯಾರೂ ಕರೆಯಲ್ಲ. ನಾವು ಸೇದುತ್ತೇವೆ, ಬಾವಿಯಿಂದ ನೀರು ಸೇದಿದ ಹಾಗೆ. ಇಲ್ಲಾ ದಮ್ ಎಳೆಯುತ್ತೇವೆ. ಧೂಮಪಾನ ವೈದ್ಯರ ಪದ. ಚರಕಸಂಹಿತೆಯಲ್ಲಿ ಬರುತ್ತದೆ, ಅದೂ ಚಿಕಿತ್ಸೆಯಾಗಿ. ಚಂದನ, ಏಲಕ್ಕಿ, ಲಾವಂಚ ಇತ್ಯಾದಿ ಅರೆದು ಬತ್ತಿ ಮಾಡಿ, ಅದರ ಹೊಗೆ ಎಳೆದುಕೊಳ್ಳುವುದು. ಯಾವಾಗ ಎಳೆಯಬೇಕು ಅಂತ ಪಟ್ಟಿಯೂ ಇದೆ. ನಿದ್ದೆಯಿಂದ ಎದ್ದ ಮೇಲೆ, ಹಲ್ಲುಜ್ಜಿದ ಮೇಲೆ, ಸ್ನಾನ ಆದ ಮೇಲೆ, ಊಟ ಆದ ಮೇಲೆ. ನನ್ನ ಸೇದುವ ಸ್ನೇಹಿತರ ಟೈಮ್‌ಟೇಬಲ್ಲೂ ಡಿಟ್ಟೋ ಇದೇ. ಚರಕ ಓದದೆಯೇ ಪಾಲಿಸುತ್ತಿದ್ದಾರೆ! ಅದರಲ್ಲಿ ತಂಬಾಕು ಇರಲಿಲ್ಲ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಇರೋಕೆ ಸಾಧ್ಯವೂ ಇರಲಿಲ್ಲ, ಅದು ಆಗಿನ್ನೂ ಅಮೆರಿಕದಲ್ಲಿತ್ತು.

ಅಲ್ಲಿಂದ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕಡೆ ಬಂತು. ಅಸದ್ ಬೇಗ್ ಅಂತ ಅಕ್ಬರನ ಕಡೆಯ ಒಬ್ಬ ಅಧಿಕಾರಿ ಇದನ್ನು ಮೊದಲು ನೋಡಿದ್ದು ನಮ್ಮ ವಿಜಯಪುರದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ. 1604ರ ಆಸುಪಾಸು. ನೋಡಿ ಮರುಳಾಗಿ ತಂಬಾಕಿನ ಜೊತೆ ರತ್ನ ಕೂರಿಸಿದ ಒಂದು ಹುಕ್ಕಾವನ್ನೂ ಆಗ್ರಾಕ್ಕೆ ಒಯ್ದ. ವೈದ್ಯರು ಬೇಡ ಪ್ರಭೂ ಅಂದರು. ಅಕ್ಬರ್ ಒಂದೆರಡು ದಮ್ ಎಳೆದು ನೋಡಿ ಬಿಟ್ಟ. ದರ್ಬಾರಿನವರು ಬಿಡಲಿಲ್ಲ. ಮಗ ಜಹಾಂಗೀರ 1617ರಲ್ಲಿ ನಿಷೇಧ ಹಾಕಿದ, ಯಾರು ಕೇಳಿದರು? ಅಂತೂ ವಿಜಯಪುರದಿಂದ ಆಗ್ರಾಕ್ಕೆ ಹೋದ ಹುಕ್ಕಾ, ನಾನೂರು ಚಿಲ್ಲರೆ ವರ್ಷ ದೇಶ ಸುತ್ತಿ ಬೆಂಗಳೂರಿನ ರೂಫ್‌ಟಾಪ್ ಮೇಲೆ ಬಂದು ಕೂತಾಗ ನಮ್ಮ ಸರ್ಕಾರಕ್ಕೆ ಎಚ್ಚರವಾಯಿತು.

ಅದೇ 1604ರಲ್ಲಿ ಇಂಗ್ಲೆಂಡಿನ ರಾಜ ಜೇಮ್ಸ್ ತಂಬಾಕಿಗೆ ಬಾಯಿಗೆ ಬಂದಂತೆ ಬೈದು ಒಂದು ಪುಸ್ತಿಕೆಯನ್ನೇ ಬರೆದ. ಒಂದು ಪೌಂಡ್ ತೂಕದ ತಂಬಾಕಿಗೆ 2 ಪೆನ್ನಿ ಇದ್ದ ಸುಂಕವನ್ನು 6 ಷಿಲಿಂಗ್ 10 ಪೆನ್ನಿಗೆ ಏರಿಸಿದ. ಇಪ್ಪತ್ತು ವರ್ಷ ಆದ ಮೇಲೆ ಅದೇ ರಾಜ ತಂಬಾಕಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೇ ತೆಗೆದುಕೊಂಡ. ಬೈಯುವವನೂ ಅವನೇ, ಮಾರುವವನೂ ಅವನೇ. ಈ ರಾಜನನ್ನು ನೆನಪಿಟ್ಟುಕೊಂಡಿರಿ.

ಎಚ್ಚರಿಕೆ ಚಿತ್ರಗಳ ಕಥೆಗೆ ಬರೋಣ. 2009ರಲ್ಲಿ ಶುರುವಾದಾಗ ಜಗಿಯುವ ತಂಬಾಕಿನ ಪೊಟ್ಟಣದ ಮೇಲೆ ಚೇಳಿನ ಚಿತ್ರ ಹಾಕಿದರು. ಹಾಕಿದವರಿಗೆ ಅದು ಕ್ಯಾನ್ಸರಿನ ಗುರುತು, ಜಗಿಯುವವನಿಗೆ ಚೇಳು ಬ್ರ್ಯಾಂಡು. ಆಮೇಲೆ ಸಿಗರೇಟ್ ಪ್ಯಾಕಿನ ಮೇಲೆ ಕರಿಹಿಡಿದ ಶ್ವಾಸಕೋಶದ ಒಬ್ಬ ಮಸುಕು ಮನುಷ್ಯ ಬಂದ. 2012ರಲ್ಲಿ ನೋಡಿದರೆ ಅವನು ಥೇಟ್ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಾನ್ ಟೆರ್ರಿ ಥರ ಇದ್ದಾನೆ. ಅವರ ಕಡೆಯವರು ತಕರಾರು ತೆಗೆದರು. ನೂರಿಪ್ಪತ್ತು ಕೋಟಿ ಜನರ ದೇಶದಲ್ಲಿ ಕೆಮ್ಮುವ ಒಬ್ಬ ಸ್ವದೇಶಿ ಸಿಗಲಿಲ್ಲ ಅಂದರೆ ಏನು ಹೇಳೋಣ. 2016ರಿಂದ ಪ್ಯಾಕಿನ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು. ಅದನ್ನು ನಮ್ಮ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ರದ್ದಿಗೆ ತಡೆ ಕೊಟ್ಟಿತು. 2018ರಿಂದ ಬಿಡುವವರಿಗೆ ಸಹಾಯವಾಣಿ ನಂಬರೂ ಬಂತು. ಎಲ್ಲ ಸರಿ, ಆದರೆ ಪ್ಯಾಕ್ ನೋಡುವವರು ಯಾರು? ಜನ ಕೊಳ್ಳೋದು ಒಂದೊಂದೇ ಸಿಗರೇಟ್. ಪ್ಯಾಕ್ ಇರೋದು ಅಂಗಡಿಯವನ ಮುಂದೆ. ಇಷ್ಟು ವರ್ಷ, ಇಷ್ಟು ಕೋರ್ಟು, ಇಷ್ಟು ಬಣ್ಣ ಖರ್ಚಾಗಿದ್ದು ಅವನೊಬ್ಬನನ್ನು ಹೆದರಿಸೋಕೆ, ಅವನೋ ಜನ್ಮದಲ್ಲಿ ಸೇದಿದವನಲ್ಲ.

ಸಿನಿಮಾದ ಬಗ್ಗೆ ಜಾಸ್ತಿ ಹೇಳಲ್ಲ. ಹೀರೋ ಮಚ್ಚು ಹಿಡಿದು ಮೂವತ್ತು ಜನರನ್ನು ಕೊಚ್ಚುವಾಗ ಪರದೆಯ ಮೂಲೆ ಖಾಲಿ. ಸುಸ್ತಾಗಿ ಒಂದು ಸಿಗರೇಟ್ ಹಚ್ಚಿದನೋ, ಅಲ್ಲಿಗೆ ಅವನ ಆರೋಗ್ಯದ ಚಿಂತೆ ಶುರು.

ಇನ್ನು ಎಲ್ಲರಿಗೂ ಕಾನೂನು ಒಂದೇ ಅನ್ನೋ ಮಾತು. 2003ರ ಕಾಯ್ದೆಯಲ್ಲಿ ಮೂವತ್ತು ರೂಮಿನ ಹೋಟೆಲ್ಲಿಗೆ, ಮೂವತ್ತು ಸೀಟಿನ ರೆಸ್ಟೋರೆಂಟಿಗೆ, ವಿಮಾನ ನಿಲ್ದಾಣಕ್ಕೆ ಬೇರೆ ಸ್ಮೋಕಿಂಗ್ ಜಾಗ ಮಾಡಿಕೊಳ್ಳೋಕೆ ಅವಕಾಶ ಇದೆ. ಕಟ್ಟಡ ಕೆಲಸದವನಿಗೆ, ಆಟೋದವನಿಗೆ ಮೂವತ್ತು ರೂಮು ಎಲ್ಲಿಂದ ಬರಬೇಕು? ವಿಮಾನ ಹತ್ತುವವನ ಹೊಗೆಗೆ ಏಸಿ ರೂಮು, ಬಸ್ ಹತ್ತುವವನ ಬೀಡಿಗೆ ಸಾವಿರ ರೂಪಾಯಿ.

ಆ ಇಂಗ್ಲೆಂಡ್ ರಾಜ ನೆನಪಿದ್ದಾನಲ್ಲ? ನಿಮ್ಮ ಎಲ್‌ಐಸಿ ಏಜೆಂಟ್ ಟರ್ಮ್ ಪಾಲಿಸಿ ಮಾಡಿಸುವಾಗ ಕೇಳುತ್ತಾನೆ, ಸಾರ್ ಸ್ಮೋಕ್ ಮಾಡ್ತೀರಾ? ಹೌದು ಅಂದರೆ ಪ್ರೀಮಿಯಂ ಜಾಸ್ತಿ, ಯಾಕೆಂದರೆ ಬೇಗ ಸಾಯ್ತೀರಿ. ದೇಶದ ಅತಿ ದೊಡ್ಡ ಸಿಗರೇಟ್ ಕಂಪನಿ ಐಟಿಸಿಯಲ್ಲಿ ಸುಮಾರು ಶೇ. 15ರಷ್ಟು ಷೇರು ಇರೋದು ಇದೇ ಎಲ್‌ಐಸಿ ಹತ್ತಿರ. ನೀವು ಸೇದಿದರೆ ಡಿವಿಡೆಂಡು, ಸೇದುತ್ತೀನಿ ಅಂತ ಒಪ್ಪಿಕೊಂಡರೆ ಪ್ರೀಮಿಯಮ್ಮು. ಆರೋಗ್ಯ ಸಚಿವಾಲಯ ಪ್ಯಾಕಿನ ಮೇಲೆ ಕ್ಯಾನ್ಸರ್ ಹುಣ್ಣು ಅಂಟಿಸುತ್ತದೆ. ಪಕ್ಕದ ವಾಣಿಜ್ಯ ಸಚಿವಾಲಯದ ಕೆಳಗೆ 1976ರಿಂದ ಒಂದು ತಂಬಾಕು ಮಂಡಳಿ ಇದೆ. ಎಷ್ಟು ಬೆಳೆಯಬೇಕು ಅಂತ ಅದೇ ಹೇಳುತ್ತದೆ, ಹರಾಜನ್ನೂ ಅದೇ ನಡೆಸುತ್ತದೆ, ರಫ್ತು ಚೆನ್ನಾಗಾದರೆ ಬೆನ್ನೂ ತಟ್ಟಿಕೊಳ್ಳುತ್ತದೆ.

ನಗು ಬರ್ತಿಲ್ಲ ಈಗ. ಕ್ಯಾನ್ಸರ್ ಆಸ್ಪತ್ರೆ ಕಾರಿಡಾರಿನಲ್ಲಿ ದವಡೆ ತೆಗೆಸಿಕೊಂಡವರು ಕೈಸನ್ನೆಯಲ್ಲಿ ಮಾತಾಡೋದನ್ನು ಒಮ್ಮೆ ನೋಡಿದರೆ ಇಂಥ ಕಾಲಂ ಬರೆಯೋಕೂ ಬೇಸರ ಆಗುತ್ತೆ. ಇದು ಕೊಲ್ಲುತ್ತದೆ ಅಂತ ಸರ್ಕಾರಕ್ಕೆ ಗೊತ್ತು. ಗೊತ್ತಿದ್ದೂ ತೆರಿಗೆ ಬೇಕು, ಡಿವಿಡೆಂಡ್ ಬೇಕು, ರಫ್ತು ಬೇಕು. ಬೀಡಿ ಕಟ್ಟಿ ಬೆನ್ನು ಬಾಗಿದ ದಕ್ಷಿಣ ಕನ್ನಡದ ಹೆಂಗಸರಿಗೆ ಬೇರೆ ಕೆಲಸ ಕೊಡೋಕೆ ಆಗಲ್ಲ. ಹೊಗೆಸೊಪ್ಪು ಬಿಟ್ಟರೆ ಏನು ಬೆಳೆಯಲಿ, ಯಾವ ರೇಟಿಗೆ ಕೊಳ್ತೀರಿ ಅಂತ ಕೇಳುವ ಹುಣಸೂರಿನ ರೈತನಿಗೆ ಉತ್ತರ ಇಲ್ಲ. ರಸೀದಿ ಪುಸ್ತಕ ಮಾತ್ರ ರೆಡಿ ಇದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ತಂಬಾಕು ಮಂಡಳಿ ಬೆಳೆಯಲು ಒಪ್ಪುವ ಪ್ರಮಾಣ ಹತ್ತು ಕೋಟಿ ಕೆಜಿಯ ಆಸುಪಾಸು. ಸಾಲ ಮಾಡಿ, ಸೌದೆ ತಂದು, ರಾತ್ರಿಯೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪನ್ನು ರೈತ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಹರಾಜಿಗೆ ತರುತ್ತಾನೆ. ಹರಾಜು ನಡೆಯುವುದು ಸರ್ಕಾರಿ ಜಾಗ, ಅಂದರೆ ಸಾರ್ವಜನಿಕ ಸ್ಥಳ. ಅಲ್ಲೂ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಧೂಮಪಾನ ನಿಷೇಧದ ಬೋರ್ಡು ಇರಬೇಕು. ಎದುರಿಗೆ ಬೇಲ್‌ಗಟ್ಟಲೆ ಹೊಗೆಸೊಪ್ಪು ಸಾಲಾಗಿ ಬಿದ್ದಿರುವಾಗ, ರೇಟು ಕೇಳಿ ತಲೆಕೆಟ್ಟು ಅವನು ಅಲ್ಲೇ ನಿಂತು ಒಂದು ಬೀಡಿ ಹಚ್ಚಿದರೆ ದಂಡ ಸಾವಿರ ರೂಪಾಯಿ. ಕೆಜಿಗೆ 250 ಸಿಕ್ಕಿತು ಅಂತಲೇ ಹಿಡಿಯಿರಿ, ನಾಲ್ಕು ಕೆಜಿ ಸೊಪ್ಪು ಅಲ್ಲಿಗೆ ಹೋಯಿತು.