ಅಂಗೈಯಲ್ಲಿ ವಿಧಾನಸೌಧ

ನೆಂಟರು ಮದುವೆಗೆಂದು ಬೆಂಗಳೂರಿಗೆ ಬರುವುದು ಭಾನುವಾರ. ಊರು ನೋಡಲು ಅವರಿಗೆ ಸಿಗುವುದು ಸೋಮವಾರ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಅದರ ಪಕ್ಕದ ವೆಂಕಟಪ್ಪ ಚಿತ್ರಶಾಲೆಗೂ ವಾರದ ರಜೆ ಇರುವುದೂ ಸೋಮವಾರವೇ. ಇದು ಗೊತ್ತಾಗುವುದು ಗೇಟಿನ ಬೀಗ ಕಂಡಾಗ, ಅದೂ ಆಟೊದವನು ದುಡ್ಡು ಎಣಿಸಿಕೊಂಡು ಹೋದ ಮೇಲೆ. "ಇಷ್ಟು ವರ್ಷದಿಂದ ಇಲ್ಲೇ ಇದೀಯ, ಅಷ್ಟೂ ಗೊತ್ತಿಲ್ವೇನೋ?" ಎಂದು ಮಾವ ಕೇಳುತ್ತಾರೆ. ಗೊತ್ತಿಲ್ಲ ಮಾವ. ಬೆಂಗಳೂರಿನವರು ವರ್ಷಪೂರ್ತಿ ಸಿಲ್ಕ್ ಬೋರ್ಡ್ ಸಿಗ್ನಲ್ ನೋಡುವವರು, ಉಳಿದದ್ದನ್ನು ನೆಂಟರು ಬಂದಾಗಲಷ್ಟೇ ನೋಡುವುದು.

ಆ ಬೀಗದ ಒಳಗೆ ಆತಕೂರಿನ ಕಲ್ಲಿದೆ. ಕ್ರಿ.ಶ. 950ರ ಸುಮಾರಿನದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ಹಾಕಿಸಿದ ಕಲ್ಲು, ನಾಯಿ ಹಂದಿ ಎರಡನ್ನೂ ಕೆತ್ತಿದ್ದಾರೆ. ಊರಲ್ಲಿ ಬೀದಿನಾಯಿಗೆ ಅರ್ಧ ರೊಟ್ಟಿ ಎಸೆಯದೆ ಮಾವ ಉಣ್ಣಲು ಕೂರುವುದಿಲ್ಲ. ಇಡೀ ಬೆಂಗಳೂರಲ್ಲಿ ಅವರು ತುಂಬ ಹೊತ್ತು ಸುಮ್ಮನೆ ನಿಲ್ಲಬಹುದಾಗಿದ್ದ ಜಾಗ ಅದೊಂದೇ.

ಅದೇ ರಸ್ತೆಯಲ್ಲಿರುವ, 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಮ್ಯೂಸಿಯಂ ನಮ್ಮ ಮಾನ ಉಳಿಸುತ್ತದೆ. "ಒಂದು ಗಂಟೆ ಸಾಕು" ಎಂದು ಒಳಗೆ ಹೋಗಬೇಡಿ. ಅಲ್ಲಿ ಗುಂಡಿ ಒತ್ತಿದರೆ ತಿರುಗುವ, ಹಿಡಿ ತಿರುಗಿಸಿದರೆ ಉರಿಯುವ ವಸ್ತುಗಳೇ ಹೆಚ್ಚು. ಮಕ್ಕಳು ಒಂದೊಂದನ್ನೂ ಎರಡೆರಡು ಸಲ ಒತ್ತುತ್ತಾರೆ. ಡೈನೋಸಾರ್ ಮುಂದೆ ಚಿಕ್ಕದು ಅಳುತ್ತದೆ, ದೊಡ್ಡದು ಕದಲುವುದಿಲ್ಲ. ಎರಡೂವರೆ ಗಂಟೆ ಹಿಡಿಯಿರಿ. ಅಷ್ಟರಲ್ಲಿ ದಿನದ ಅತಿ ದೊಡ್ಡ ತಪ್ಪು ಆಗಿಹೋಗಿರುತ್ತದೆ: ವಿಧಾನಸೌಧಕ್ಕೆ ಮಧ್ಯಾಹ್ನದ ಮೇಲೆ ಹೋಗುವುದು.

ವಿಧಾನಸೌಧದ ಮುಖ ಪೂರ್ವಕ್ಕಿದೆ. ಬೆಳಿಗ್ಗೆ ಹೋದರೆ ಬಿಸಿಲು ಕಟ್ಟಡದ ಮೇಲೂ ಬೀಳುತ್ತದೆ, ನೆಂಟರ ಮೇಲೂ ಬೀಳುತ್ತದೆ. ಮಧ್ಯಾಹ್ನ ಕಳೆದರೆ ಸೂರ್ಯ ಸೌಧದ ಹಿಂದಕ್ಕೆ ಸರಿದು, ಮುಂದೆ ನಿಂತವರೆಲ್ಲ ಒಲೆಯಿಂದ ಇಳಿಸಿದ ಪಾತ್ರೆಯ ತಳದ ಹಾಗೆ ಕಾಣುತ್ತಾರೆ. ಕಟ್ಟಡದ ಉದ್ದ 700 ಅಡಿ. ರಸ್ತೆಯಾಚೆ ಹೈಕೋರ್ಟ್ ಕಡೆಯ ಫುಟ್‌ಪಾತಿನಿಂದಲೂ ಅದು ಪೂರ್ತಿಯಾಗಿ ಫೋನಿಗೆ ಹಿಡಿಸುವುದಿಲ್ಲ. ಹಾಗಾಗಿ ಗುಮ್ಮಟ ಮತ್ತು ಕಂಬಗಳಿಗೆ ತೃಪ್ತರಾಗಿ. ಜನರನ್ನು ನಿಮ್ಮಿಂದ ಆರೇಳು ಅಡಿ ದೂರದಲ್ಲೇ ನಿಲ್ಲಿಸಿ ಸೊಂಟದವರೆಗೆ ತೆಗೆಯಿರಿ. ಅವರು ಗೇಟಿನ ತನಕ ಓಡಿಹೋಗಿ ನಿಂತರೆ ಫೋಟೊದಲ್ಲಿ ಸಾಸಿವೆ ಕಾಳು.

ಇದನ್ನೆಲ್ಲ ಹೇಳಿದರೂ ಮಾವನಿಗೆ ಬೇಕಾದ್ದು ಬೇರೆ. ಅವರಿಗೆ ಗುಮ್ಮಟ ಅಂಗೈ ಮೇಲೆ ಕೂರಬೇಕು. ಷಡ್ಡಕ ಹೋದ ವರ್ಷ ಹಾಗೇ ತೆಗೆಸಿಕೊಂಡಿದ್ದಾನಂತೆ. ಕೈ ಚಾಚುತ್ತಾರೆ. ನಾವು ಫುಟ್‌ಪಾತಿನಲ್ಲಿ ಕುಕ್ಕರುಗಾಲಲ್ಲಿ ಕೂರುತ್ತೇವೆ.

"ಸ್ವಲ್ಪ ಎಡಕ್ಕೆ ಮಾವ."

"ನನ್ನೆಡವೋ, ನಿನ್ನೆಡವೋ?"

"ನಿಮ್ಮೆಡ."

ಕೈ ಬಿಟ್ಟು ಇಡೀ ಮಾವನೇ ಎಡಕ್ಕೆ ಹೋಗುತ್ತಾರೆ. ಇಲ್ಲೇ ಇರುವುದು ಲೆಕ್ಕ. ಗುಮ್ಮಟದ ಅಡ್ಡಗಲ 60 ಅಡಿ, ಫೋನಿನಲ್ಲಿ ಅದು ನಿಂಬೆಹಣ್ಣಿನಷ್ಟು. ಕೈ ಒಂದಂಗುಲ ಸರಿದರೂ ಗುಮ್ಮಟ ಅಂಗೈಯಿಂದ ಮೊಣಕೈಗೆ ಉರುಳುತ್ತದೆ. ಸರಿಯಾದ ಕ್ರಮವೆಂದರೆ ಮಾವನನ್ನು ಕಲ್ಲಿನಂತೆ ನಿಲ್ಲಿಸಿ ಫೋನನ್ನು ಸರಿಸುವುದು. ಆದರೆ ಮಾವ ಕಲ್ಲಾಗುವುದಿಲ್ಲ. ಪ್ರತಿ ಕ್ಲಿಕ್ಕಿಗೂ "ಬಂತಾ?" ಎಂದು ಬಂದು ನೋಡಿ, ಹೋಗಿ, ಬೇರೆ ಜಾಗದಲ್ಲಿ ನಿಲ್ಲುತ್ತಾರೆ. ಗುಮ್ಮಟ ಕಡೆಗೂ ಕೂತ ಕ್ಷಣದಲ್ಲಿ ಬಿಎಂಟಿಸಿ ಬಸ್ಸೊಂದು ಅಡ್ಡ ಬರುತ್ತದೆ. ಬಸ್ಸು ಹೋಗುವಷ್ಟರಲ್ಲಿ ಮಾವನ ಕೈ ಸೋತು ಇಳಿದಿರುತ್ತದೆ. ಜೊತೆಗೆ ಹೊಸ ಬೇಡಿಕೆ: "ಸರ್ಕಾರದ ಕೆಲಸ ದೇವರ ಕೆಲಸ" ಅನ್ನೋ ಬರಹವೂ ಓದೋ ಹಾಗೆ ಬರಲಿ.

ಬೆನ್ನ ಹಿಂದೆಯೇ 1868ರ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಕೆಂಪಗೆ ನಿಂತಿದೆ. ಹದಿನೆಂಟು ಇಲಾಖೆ ಇದ್ದದ್ದಕ್ಕೆ ಆ ಹೆಸರು. ಅದರ ಕಡೆ ಯಾರೂ ತಿರುಗುವುದಿಲ್ಲ. ಫೋಟೊ ತೆಗೆಯುವವರ ಗತಿಯೂ ಅದೇ. ಇಷ್ಟು ವರ್ಷ ಇಷ್ಟು ನೆಂಟರನ್ನು ಕರೆದು ತಂದಿದ್ದೇವೆ, ವಿಧಾನಸೌಧದ ಮುಂದೆ ನಾವಿರುವ ಒಂದು ಫೋಟೊ ನಮ್ಮ ಹತ್ತಿರ ಇಲ್ಲ.

ಲಾಲ್‌ಬಾಗಿಗೆ ಮೆಟ್ರೊ ಸುಲಭ: ನೇರಳೆ ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ. ಹೋಗುವ ಹೊತ್ತಿಗೆ ಗಾಜಿನ ಮನೆ ನೋಡುವ ಉತ್ಸಾಹ ಯಾರಿಗೂ ಇರುವುದಿಲ್ಲ. ಸುಮಾರು 300 ಕೋಟಿ ವರ್ಷದ ಬಂಡೆಯ ಮೇಲೆ ಕೂತು ಎಲ್ಲರೂ ಚಕ್ಕುಲಿ ತಿಂದು ಕಾಲು ಒತ್ತಿಕೊಳ್ಳುತ್ತಾರೆ.

ರಾತ್ರಿ ಮಾವ ನಲವತ್ತೊಂದು ಫೋಟೊಗಳನ್ನೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಒಂದರಲ್ಲೂ ಗುಮ್ಮಟ ಕೈಗೆ ಬಂದಿಲ್ಲ. ಹತ್ತು ನಿಮಿಷಕ್ಕೆ ಶಿರಸಿಯ ಅತ್ತಿಗೆಯ ಸಂದೇಶ ಬರುತ್ತದೆ:

"ಮಾವ ಯಾಕೆ ವಿಧಾನಸೌಧದ ಎದುರು ಭಿಕ್ಷೆ ಬೇಡ್ತಾ ಇದ್ದಾರೆ?"