ಚೆಸ್ ಪಟ್ಟಿಯ ಬಗ್ಗೆ ಒಂದು ಸ್ಪಷ್ಟನೆ

ಹೋದ ವಾರ ಶಿರಸಿಯ ಪೋಷಕರ ಗುಂಪುಗಳಲ್ಲಿ ಓಡಾಡಿದ ಚೆಸ್ ಪಟ್ಟಿ ನೆನಪಿದೆ ಅಲ್ವಾ? ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ಸದಸ್ಯರ ಲೆಕ್ಕದಲ್ಲಿ ಬೆಂಗಳೂರು ಮೊದಲು, ಉತ್ತರ ಕನ್ನಡ ಕೊನೆ, ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಕೂಡ ಬೆಂಗಳೂರಿನವರೇ ಎಂದಿತ್ತು. 'ನೋಡಿ ನಮ್ಮ ಗತಿ' ಎಂದು ಒಂದು ಸಾಲು ಸೇರಿಸಿ ಅದನ್ನು ಕಳಿಸಿದವರಲ್ಲಿ ನಾನೂ ಒಬ್ಬ. ಅದು ತಪ್ಪು.

ಫಿಡೆಯ ರೇಟಿಂಗ್ ಪಟ್ಟಿಯಲ್ಲಿ ಆಟಗಾರರ ದೇಶ ಇರುತ್ತದೆ, ಜಿಲ್ಲೆ ಇರುವುದಿಲ್ಲ. ಹಾಗಾಗಿ ಅದರಿಂದ ಜಿಲ್ಲಾವಾರು ಲೆಕ್ಕ ತೆಗೆಯಲು ಆಗುವುದೇ ಇಲ್ಲ. ಸರಿಯಾದ ಅಂಕಿ ಸಿಕ್ಕರೂ ಸುಮ್ನೆ ತಲೆ ಎಣಿಸಿದರೆ ಸಾಲದು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 96 ಲಕ್ಷ ಜನ, ನಮ್ಮ ಉತ್ತರ ಕನ್ನಡದಲ್ಲಿ 14 ಲಕ್ಷ ಚಿಲ್ಲರೆ. ಆರೂವರೆ ಪಟ್ಟು ದಾಟುತ್ತದೆ! ಲಕ್ಷ ಜನರಿಗೆ ಎಷ್ಟು ಆಟಗಾರರು ಎಂದು ನೋಡಬೇಕು.

ಇನ್ನು ಗ್ರ್ಯಾಂಡ್‌ಮಾಸ್ಟರ್ ವಿಷಯ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ. ಎಸ್. ತೇಜ್‌ಕುಮಾರ್, 2017ರಲ್ಲಿ. ಅವರು ಮೈಸೂರಿನವರು.

ಮತ್ತೆ, ಆಡುವವರೆಲ್ಲ ನೋಂದಣಿ ಮಾಡಿಸಿರುವುದಿಲ್ಲ. ನಮ್ಮ ಪಕ್ಕದ ಮನೆ ಜಗಲಿಯಲ್ಲಿ ಮಳೆಗಾಲವಿಡೀ ಇಬ್ಬರು ಹುಡುಗರು ಆಡುತ್ತಾರೆ. ಒಂದು ಕಪ್ಪು ಪದಾತಿ ಕಳೆದುಹೋಗಿದೆ, ಅದರ ಜಾಗಕ್ಕೆ ಒಂದು ಚಾಲಿ ಅಡಿಕೆ. ಇಂಥವರು ಯಾವ ಪಟ್ಟಿಗೂ ಬರುವುದಿಲ್ಲ.

ದಯವಿಟ್ಟು ಆ ಪಟ್ಟಿಯನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.