ಗ್ಯಾಲ್ವನೈಸ್ ಅಂತ ಬರೆಯುವ ಮುಂಚೆ

ಉಡುಪಿ, ಮಂಗಳೂರಿನ ಕಾಲೇಜು ಮಕ್ಕಳ ಬಯೋಡೇಟಾ ತಿದ್ದಿಕೊಡುವವಳು ನಾನು. ಈಗೀಗ ಎಲ್ಲಿ ನೋಡಿದರೂ 'ಗ್ಯಾಲ್ವನೈಸ್ಡ್', ಅಂದರೆ ಜನರನ್ನು ಹುರಿದುಂಬಿಸಿ ಎಬ್ಬಿಸಿದೆ ಅಂತ. ಇಂಗ್ಲಿಷ್ ಬೇಡ ಅನ್ನುತ್ತಿಲ್ಲ, ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಬೇಕೇ ಬೇಕು. ಆದರೆ ಜನರನ್ನು ಹುರಿದುಂಬಿಸುವುದಕ್ಕೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಕ್ರಿಯಾಪದಗಳಿವೆ. ನೀವು ನಿಜವಾಗಿ ಏನು ಮಾಡಿದಿರೋ ಅದಕ್ಕೆ ಹೊಂದುವುದನ್ನೇ ಹಾಕಿ.

ಮೊನ್ನೆ ಒಬ್ಬಳು ಹುಡುಗಿ ಪಣಂಬೂರು ಬೀಚ್ ಕ್ಲೀನ್ ಮಾಡಿಸಿದ್ದನ್ನು 'ಗ್ಯಾಲ್ವನೈಸ್ಡ್ ಸ್ಟೂಡೆಂಟ್ಸ್' ಅಂತ ಬರೆದಿದ್ದಳು. "ಏನೇನು ಮಾಡಿದೆ ಮಾರಾಯ್ತಿ, ಸ್ವಲ್ಪ ಹೇಳು" ಅಂದೆ. "ಹಾಸ್ಟೆಲ್‌ನಲ್ಲಿ ರೂಮ್ ರೂಮಿಗೆ ಹೋಗಿ ಕರೆದೆ ಮೇಡಂ. ಗೋಣಿಚೀಲ, ಗ್ಲೌಸ್ ಹೊಂದಿಸಿದೆ. ಬಸ್ಸಿಗೆ ಮಾತಾಡಿದೆ. ಬರಲ್ಲ ಅಂದವರಿಗೆ ಮತ್ತೆ ಫೋನ್ ಮಾಡಿದೆ."

ಇದು ಮೊಬಿಲೈಸ್. ಸೈನ್ಯವನ್ನು ಸಜ್ಜು ಮಾಡುವ ಕಡೆಯಿಂದ ಬಂದ ಮಾತು. ಜನ, ಸಾಮಾನು, ಗಾಡಿ ಎಲ್ಲ ಒಟ್ಟು ಮಾಡಿ ಹೊರಡಿಸುವುದು. ಅವಳ ಓಡಾಟವೆಲ್ಲ ಅದರಲ್ಲಿ ಕಾಣುತ್ತದೆ. ಗ್ಯಾಲ್ವನೈಸ್ ಅಂದುಬಿಟ್ಟರೆ ಆ ಓಡಾಟವೇ ಮಾಯ!

ಗ್ಯಾಲ್ವನೈಸ್ ಬಂದದ್ದು ಇಟಲಿಯ ವಿಜ್ಞಾನಿ ಲುಯಿಜಿ ಗಾಲ್ವಾನಿ ಹೆಸರಿನಿಂದ. ಲೋಹ ತಾಗಿಸಿದಾಗ ಸತ್ತ ಕಪ್ಪೆಯ ಕಾಲು ಸೆಟೆಯುವುದನ್ನು ನೋಡಿ, 1791ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದವನು. ನಮ್ಮ ಮಾಡಿಗೆ ಹಾಕುವ ಜಿಐ (ಗ್ಯಾಲ್ವನೈಸ್ಡ್ ಐರನ್) ಶೀಟಿನ 'ಜಿ' ಕೂಡ ಅವನದೇ. ಆ ಕಪ್ಪೆಕಾಲಿನ ಹಾಗೆ, ಸುಮ್ನೆ ಕೂತವರು ಏನೋ ಒಂದು ನಡೆದು, ಶಾಕ್ ಹೊಡೆದ ಹಾಗೆ ಎದ್ದು ಹೊರಟರೆ ಆ ಮಾತು ಹಾಕಿ. 1930ರ ಉಪ್ಪಿನ ಸತ್ಯಾಗ್ರಹ ದೇಶವನ್ನು ಗ್ಯಾಲ್ವನೈಸ್ ಮಾಡಿತು ಅಂದರೆ ಸರಿ. ಆ ಚಳವಳಿಗೆ ಹೆಂಗಸರನ್ನೂ ಸೇರಿಸಿಕೊಳ್ಳಿ ಅಂತ ಗಾಂಧೀಜಿಯವರನ್ನೇ ಕೇಳಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಆಮೇಲೆ ಅವರು ವರ್ಷಗಟ್ಟಲೆ ನೇಕಾರರ, ಕುಶಲಕರ್ಮಿಗಳ ಜೊತೆ ಕೆಲಸ ಮಾಡಿ ಅವರನ್ನು ಒಟ್ಟುಗೂಡಿಸಿದರಲ್ಲ, ಅದು ಮೊಬಿಲೈಸ್. ನನಗಂತೂ ಈ ಎರಡನೆಯದರ ಮೇಲೆಯೇ ಗೌರವ ಜಾಸ್ತಿ.

ಎಲೆಕ್ಟ್ರಿಫೈ ಅನ್ನುವುದನ್ನೂ ಹೀಗೇ ಎಲ್ಲೆಂದರಲ್ಲಿ ಹಾಕುತ್ತಾರೆ. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಚೆಂಡೆ ಏರಿದಾಗ ಸಭೆಗೆ ಸಭೆಯೇ ಝುಮ್ ಅನ್ನುತ್ತದಲ್ವಾ, ಅದು ಎಲೆಕ್ಟ್ರಿಫೈ. ಮೈ ನವಿರೇಳಬೇಕು, ಅಷ್ಟೇ. ಯಾರೂ ಎದ್ದು ಕೆಲಸಕ್ಕೆ ಹೊರಡಬೇಕಾಗಿಲ್ಲ.

ಇನ್ನು ಮೋಟಿವೇಟ್, ಇನ್‌ಸ್ಪೈರ್. ಟಾರ್ಗೆಟ್ ಮುಟ್ಟಿದರೆ ಬೋನಸ್ ಕೊಡುತ್ತೇನೆ ಅಂದರೆ ಅದು ಮೋಟಿವೇಟ್, ತಪ್ಪೇನಿಲ್ಲ. ನಿಮ್ಮ ಕೆಲಸ ನೋಡಿ ಜೂನಿಯರ್ ಒಬ್ಬ ತಾನಾಗಿ ಬಂದು "ನಾನೂ ಕಲಿಯುತ್ತೇನೆ" ಅಂದರೆ ಮಾತ್ರ ಇನ್‌ಸ್ಪೈರ್ ಅಂತ ಬರೆಯಿರಿ.